ನೆಲ ಡೊಂಕೋ, ಕಾಲು ಡೊಂಕೋ?

‘ಡ್ರೈವರ್ ತಪ್ಪು’. ಈ ಎರಡು ಪದ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ.

ನಿಂತಿದ್ದ ಕಾರು ಇದ್ದಕ್ಕಿದ್ದಂತೆ ಭರ್ರನೆ ನುಗ್ಗಿ ಗೋಡೆಗೋ, ಅಂಗಡಿಗೋ, ಮನುಷ್ಯರಿಗೋ ಗುದ್ದುತ್ತೆ. ಸ್ಟಿಯರಿಂಗ್ ಹಿಡಿದಿದ್ದವರು “ನಾನು ಬ್ರೇಕನ್ನೇ ಒತ್ತಿದ್ದೆ, ದೇವರಾಣೆ, ಕಾರು ನಿಲ್ಲಲಿಲ್ಲ” ಅಂತ ಗೋಳಾಡ್ತಾರೆ. ಕಂಪನಿಯವರು ಬಂದು, ಕಾರಿಗೆ ಕಂಪ್ಯೂಟರ್ ಸಿಕ್ಕಿಸಿ ನೋಡಿ, “ಕಾರಿನಲ್ಲಿ ದೋಷ ಇಲ್ಲ, ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದಾರೆ” ಅಂತ ಷರಾ ಬರೆದು ಹೋಗ್ತಾರೆ. ಅಲ್ಲಿಗೆ ಫೈಲು ಮುಚ್ಚಿತು. ಸಡನ್ ಅನ್‌ಇಂಟೆಂಡೆಡ್ ಆಕ್ಸಿಲರೇಷನ್ ಅಂತ ಇದಕ್ಕೆ ಉದ್ದನೆಯ ಹೆಸರು. ಹತ್ತಿರ ಹತ್ತಿರ ನಲವತ್ತು ವರ್ಷದಿಂದ ಇದರ ನಿಜವಾದ ಕಾರಣ ಯಾವುದು ಅಂತ ಜಗಳ ನಡೀತಾನೇ ಇದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಕಂಪನಿಗಳ ಇಡೀ ವಾದ ಈ ಒಂದು ಗಾದೆಯೊಳಗೆ ಹಿಡಿಸುತ್ತೆ. ಆದರೆ ಈ ಗಾದೆಯಲ್ಲಿ ನನಗೆ ಚಿಕ್ಕಂದಿನಿಂದ ಒಂದು ಅನುಮಾನ. ಅವಳನ್ನು ನೋಡಿ ನಕ್ಕವರಲ್ಲಿ ಒಬ್ಬರಾದರೂ ರಸಮಟ್ಟ ಇಟ್ಟು ನೆಲ ನೋಡಿದ್ರಾ?

ಈ ವಿಷಯದಲ್ಲಿ ಜನ ಎರಡು ಪಾರ್ಟಿ. ಒಂದು ‘ಕಾಲು ಪಾರ್ಟಿ’. ಕಾರಿನಲ್ಲಿ ಏನೂ ಇಲ್ಲ, ಎಲ್ಲಾ ಕಾಲಿನ ತಪ್ಪು ಅನ್ನೋರು. ಇನ್ನೊಂದು ‘ಕೋಡ್ ಪಾರ್ಟಿ’. ಕಾರಿನೊಳಗೆ ಕಂಪ್ಯೂಟರ್ ಬಂದಾಗಿನಿಂದ ಇದೆಲ್ಲ ಶುರುವಾಯ್ತು, ಸಾಫ್ಟ್‌ವೇರ್ ಬಗ್ ಇದೆ, ಕಂಪನಿಗಳು ಮುಚ್ಚಿಡ್ತಿವೆ ಅನ್ನೋರು. ನಾನು ಸಾಫ್ಟ್‌ವೇರ್ ಇಂಜಿನಿಯರ್. ಕೋಡ್ ಯಾವ ಸ್ಥಿತಿಯಲ್ಲಿ ರಿಲೀಸ್ ಆಗುತ್ತೆ ಅಂತ ಕಣ್ಣಾರೆ ಕಂಡವನು, ಹಾಗಾಗಿ ನಾನು ಎರಡನೇ ಪಾರ್ಟಿಯವನು ಅಂತ ನೀವು ಅಂದುಕೊಂಡಿದ್ರೆ ಸ್ವಲ್ಪ ತಾಳಿ. ಮೊದಲು ಆ ಪಾರ್ಟಿಗೇ ನಾಲ್ಕು ಮಾತು ಹೇಳೋದಿದೆ.

1986ರ ನವೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮದಲ್ಲಿ ಆಡಿ 5000 ಅನ್ನೋ ಕಾರಿನ ಬಗ್ಗೆ ಒಂದು ವರದಿ ಬಂತು. ಯಾರೂ ಮುಟ್ಟದೆ ಆಕ್ಸಿಲರೇಟರ್ ಪೆಡಲ್ ತಾನಾಗಿ ಕೆಳಗಿಳಿಯೋದನ್ನು ಟೀವಿಯಲ್ಲಿ ತೋರಿಸಿದರು. ಜನ ಬೆಚ್ಚಿಬಿದ್ದರು. ಆಮೇಲೆ ಗೊತ್ತಾಗಿದ್ದೇನಪ್ಪಾ ಅಂದ್ರೆ, ಆ ಪ್ರದರ್ಶನಕ್ಕಾಗಿ ಕಾರಿನ ಗೇರ್‌ಬಾಕ್ಸಿಗೆ ತೂತು ಕೊರೆದು, ಸಿಲಿಂಡರ್‌ನಿಂದ ಒತ್ತಡದ ಗಾಳಿ ಬಿಟ್ಟಿದ್ದರು. ನೋಡುಗರಿಗೆ ಅದನ್ನು ತೋರಿಸಿರಲಿಲ್ಲ. ಅಮೆರಿಕದಲ್ಲಿ 1985ರಲ್ಲಿ 74,061 ಕಾರು ಮಾರಿದ್ದ ಆಡಿ, 1991ರಲ್ಲಿ ಮಾರಿದ್ದು 12,283. ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 1989ರಲ್ಲಿ ವರದಿ ಕೊಟ್ಟಿತು: ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದ್ದರು. ಕೋಡ್ ಪಾರ್ಟಿಯವರು ಗಮನಿಸಬೇಕಾದ ಅಂಶ ಏನಂದ್ರೆ, ಆ ಕಾರಿನ ಪೆಡಲಿಗೂ ಇಂಜಿನ್ನಿನ ಥ್ರಾಟಲ್‌ಗೂ ನಡುವೆ ಕಂಪ್ಯೂಟರೇ ಇರಲಿಲ್ಲ. ಬರೀ ಕಬ್ಬಿಣದ ಸಂಬಂಧ.

ಇನ್ನು ಬ್ರೇಕಿನ ವಿಷಯ. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆಯವರು ಟೊಯೋಟಾ ಕ್ಯಾಮ್ರಿ ವಿ6 ಕಾರನ್ನು ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದುಕೊಂಡೇ ಬ್ರೇಕ್ ಹಾಕಿ ನೋಡಿದರು. 190 ಅಡಿಗೆ ಕಾರು ನಿಂತಿತು. ಆಕ್ಸಿಲರೇಟರ್ ಒತ್ತದೆ ಬ್ರೇಕ್ ಹಾಕಿದಾಗ ನಿಂತದ್ದು 174 ಅಡಿಗೆ. ವ್ಯತ್ಯಾಸ 16 ಅಡಿ! ಅಂದ್ರೆ ಗಟ್ಟಿಮುಟ್ಟಾದ ಬ್ರೇಕಿನ ಮುಂದೆ ಇಂಜಿನ್ನಿನ ಆಟ ನಡೆಯಲ್ಲ. ನಿಂತಲ್ಲಿಂದ ಹೊರಟ ಕಾರು ಬ್ರೇಕ್ ಪೂರ್ತಿ ಒತ್ತಿದ್ರೂ ಐವತ್ತು ಅಡಿ ನುಗ್ಗಿ ಗೋಡೆ ಒಡೀತು ಅಂದ್ರೆ, ಬ್ರೇಕೂ ಅದೇ ಕ್ಷಣಕ್ಕೆ ಕೈಕೊಟ್ಟು, ಅಪಘಾತ ಆದ ಮೇಲೆ ತಾನಾಗೇ ಸರಿಹೋಯ್ತು ಅಂತ ನಂಬಬೇಕು. ಎರಡು ಬೇರೆ ಬೇರೆ ವ್ಯವಸ್ಥೆಗಳು ಮುಹೂರ್ತ ನೋಡಿಕೊಂಡು ಒಟ್ಟಿಗೇ ಕೆಡೋದು ಕಷ್ಟ.

ನನಗೆ ಎಲ್ಲಕ್ಕಿಂತ ಬಲವಾಗಿ ಕಾಣೋ ವಾದ ಇನ್ನೊಂದು. ಆಡಿ ವಿಷಯದಲ್ಲೂ, ಆಮೇಲೆ ಟೊಯೋಟಾ ವಿಷಯದಲ್ಲೂ, ಸುದ್ದಿ ದೊಡ್ಡದಾದ ಕೂಡಲೇ ದೂರುಗಳು ದಬದಬ ಬಂದು ಬಿದ್ದವು. ಅದೇ ಕಾರುಗಳು, ಅದೇ ಕೋಡು, ಅದೇ ರಸ್ತೆ. ಬದಲಾಗಿದ್ದು ಪೇಪರಿನ ಹೆಡ್ಡಿಂಗ್ ಮಾತ್ರ. ನಾನು ನೋಡಿರೋ ಯಾವ ಬಗ್ಗಿಗೂ ಪೇಪರ್ ಓದೋಕೆ ಬರಲ್ಲ :)

ಹಾಗಾದ್ರೆ ಅಷ್ಟು ಜನ ಸುಳ್ಳು ಹೇಳ್ತಾರಾ? ಇಲ್ಲ. ಇಲ್ಲೇ ಕಾಲು ಪಾರ್ಟಿಯ ಅಹಂಕಾರ ಶುರುವಾಗೋದು. ರಿಚರ್ಡ್ ಶ್ಮಿಟ್ ಅನ್ನೋ ಮನಶ್ಶಾಸ್ತ್ರಜ್ಞ, ಕೈಕಾಲಿನ ಚಲನೆಯನ್ನು ಮೆದುಳು ಹೇಗೆ ನಡೆಸುತ್ತೆ ಅಂತ ಜೀವಮಾನವಿಡೀ ಅಧ್ಯಯನ ಮಾಡಿದವರು, 1989ರಲ್ಲಿ ಇದನ್ನು ಬಿಡಿಸಿ ಬರೆದರು. ಮೆದುಳು ‘ಬ್ರೇಕ್ ಒತ್ತು’ ಅಂತಲೇ ಆಜ್ಞೆ ಕೊಟ್ಟಿರುತ್ತೆ. ಆಜ್ಞೆಯಲ್ಲಿ ತಪ್ಪಿಲ್ಲ. ಕಾಲು ಹೋಗೋ ದಾರಿ ಮಾತ್ರ ಪ್ರತಿಸಲ ಒಂದಿಷ್ಟು ಆಚೀಚೆ ಆಗುತ್ತೆ, ಎಲ್ಲರಿಗೂ ಆಗುತ್ತೆ. ಸಾವಿರಾರು ಸಲಕ್ಕೊಮ್ಮೆ ಆ ‘ಒಂದಿಷ್ಟು’ ಪಕ್ಕದ ಪೆಡಲಿನ ಮೇಲೆ ಬೀಳುತ್ತೆ. ಕಾಲು ಎಲ್ಲಿದೆ ಅಂತ ಮೆದುಳು ಬಗ್ಗಿ ನೋಡಲ್ಲ, ಬ್ರೇಕ್ ಮೇಲೇ ಇದೆ ಅಂತ ನಂಬಿರುತ್ತೆ. ಕಾರು ಮುಂದೆ ನುಗ್ಗಿದಾಗ ಏನು ಮಾಡುತ್ತೆ? ಬ್ರೇಕ್ ಸಾಲದಾಯ್ತು ಅಂತ ಇನ್ನೂ ಜೋರಾಗಿ ಒತ್ತುತ್ತೆ. ಹಾಗಾಗಿ “ಬ್ರೇಕನ್ನೇ ಒತ್ತಿದ್ದೆ” ಅನ್ನೋರು ಆಣೆ ಇಟ್ಟು ಹೇಳೋದು ಅವರ ಮಟ್ಟಿಗೆ ಸತ್ಯವೇ. ಕತ್ತಲಲ್ಲಿ ಲೈಟಿನ ಸ್ವಿಚ್ ಅಂತ ಫ್ಯಾನಿನ ಸ್ವಿಚ್ ಒತ್ತದವರು ಯಾರಿದ್ದಾರೆ ಹೇಳಿ? ಅಲ್ಲಿ ಫ್ಯಾನ್ ತಿರುಗುತ್ತೆ, ನಗ್ತೀವಿ. ಇಲ್ಲಿ ಮಗು ಸಾಯುತ್ತೆ.

ಸರಿ, ಕಾಲಿನದೇ ತಪ್ಪು ಅಂತ ಬಹುಪಾಲು ಪ್ರಕರಣಗಳಲ್ಲಿ ನಾನೂ ಒಪ್ತೀನಿ. ಈಗ ಕೇಳಿ, ಆಡಿ ಕಂಪನಿ ಆಮೇಲೆ ಏನು ಮಾಡಿತು? ಬ್ರೇಕ್ ಒತ್ತದ ಹೊರತು ಗೇರು ಪಾರ್ಕಿಂಗ್‌ನಿಂದ ಆಚೆ ಬರಬಾರದು ಅಂತ ಒಂದು ಬೀಗ ಕೂರಿಸಿತು. ಹಳೆಯ ಕಾರುಗಳನ್ನೂ ಕರೆಸಿ ಕೂರಿಸಿತು. ಕಾಲು ಮೊದಲೇ ಬ್ರೇಕಿನ ಮೇಲೆ ಇರಲೇಬೇಕಾದ್ದರಿಂದ ತಪ್ಪು ಪೆಡಲ್ ಒತ್ತಿಕೊಂಡು ಗೇರ್ ಹಾಕೋ ಮಾತೇ ಇಲ್ಲ. ದೂರುಗಳು ಇಳಿದವು. ಇವತ್ತು ಯಾವ ಆಟೋಮ್ಯಾಟಿಕ್ ಕಾರಿನಲ್ಲೂ ಅದು ಸಾಮಾನ್ಯ, ಅಮೆರಿಕದಲ್ಲಂತೂ 2010ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಸ್ವಲ್ಪ ಯೋಚಿಸಿ. ತಪ್ಪು ಕಾಲಿನದು ಅಂತ ವರದಿ, ಔಷಧ ಕೊಟ್ಟಿದ್ದು ಕಾರಿಗೆ, ವಾಸಿಯಾಗಿದ್ದು ಕಾಯಿಲೆ! ಹಾಗಾದ್ರೆ ಕಾಯಿಲೆ ಇದ್ದದ್ದು ಎಲ್ಲಿ?

ಅದೇ 1989ರ ವರದಿಯಲ್ಲಿ ಕಾಲು ಪಾರ್ಟಿಯವರು ಓದದೇ ಬಿಡೋ ಪುಟಗಳೂ ಇವೆ. ಆಡಿಯ ಐಡಲ್ ಸ್ಪೀಡ್ ನಿಯಂತ್ರಿಸೋ ಭಾಗದಲ್ಲಿ ದೋಷ ಇತ್ತು, ಅದರಿಂದ ಕಾರು ಒಂದು ಕ್ಷಣ ಜಗ್ಗಿದಂತೆ ಮುಂದೆ ಹಾರಬಹುದಿತ್ತು. ಪೆಡಲುಗಳ ಜಾಗವೂ ಅಮೆರಿಕದ ಜನಕ್ಕೆ ರೂಢಿಯಾದ ಜಾಗಕ್ಕಿಂತ ಬೇರೆ ಇತ್ತು. ಕಾರು ಹಠಾತ್ತನೆ ಜಗ್ಗುತ್ತೆ, ಚಾಲಕ ಬೆಚ್ಚಿ ಕಾಲು ಬೀಸ್ತಾನೆ, ಕಾಲು ತಪ್ಪು ಕಡೆ ಬೀಳುತ್ತೆ. ಇದು ಕಾಲಿನ ತಪ್ಪೋ ಕಾರಿನ ತಪ್ಪೋ?

ನಮ್ಮ ಕೆಲಸದಲ್ಲಿ ಪೋಸ್ಟ್‌ಮಾರ್ಟಂ ಅಂತ ಮಾಡ್ತೀವಿ. ಸರ್ವರ್ ಬಿದ್ದ ಮಾರನೇ ದಿನ ಎಲ್ಲರೂ ಕೂತು ಯಾಕೆ ಬಿತ್ತು ಅಂತ ಬರೆಯೋದು. ಒಬ್ಬ ಹೊಸ ಹುಡುಗ ಟೆಸ್ಟ್ ಡೇಟಾಬೇಸ್ ಅಂದುಕೊಂಡು ಪ್ರೊಡಕ್ಷನ್ ಡೇಟಾಬೇಸ್ ಅಳಿಸಿಬಿಟ್ಟ ಅಂತಿಟ್ಟುಕೊಳ್ಳಿ. ಕಾರಣ ಅನ್ನೋ ಕಡೆ ‘ಹುಡುಗನ ತಪ್ಪು’ ಅಂತ ಬರೆದರೆ ಯಾವ ಸರಿಯಾದ ಮ್ಯಾನೇಜರೂ ಒಪ್ಪಲ್ಲ. ಎರಡೂ ಕಿಟಕಿ ಒಂದೇ ಥರ ಯಾಕಿದ್ದವು? ಅಳಿಸೋ ಅಧಿಕಾರ ಅವನಿಗೆ ಯಾರು ಕೊಟ್ಟರು? ‘ಖಂಡಿತಾನಾ?’ ಅಂತ ಒಂದು ಪ್ರಶ್ನೆಯನ್ನಾದರೂ ಸಿಸ್ಟಂ ಯಾಕೆ ಕೇಳಲಿಲ್ಲ? ಎಲ್ಲಿ ರಿಪೇರಿ ಮಾಡಿದರೆ ಮತ್ತೆ ಆಗಲ್ವೋ ಅದೇ ಕಾರಣ. ಹುಡುಗನನ್ನು ರಿಪೇರಿ ಮಾಡೋಕಾಗಲ್ಲ, ನಾಳೆ ಇನ್ನೊಬ್ಬ ಬರ್ತಾನೆ. ನಾಲ್ಕು ರೂಪಾಯಿಯ ಡೇಟಾಬೇಸಿಗೆ ನಾವು ಪಾಲಿಸೋ ಈ ನಿಯಮವನ್ನು ಒಂದೂವರೆ ಟನ್ ಕಬ್ಬಿಣಕ್ಕೆ ಕೇಳಿದ್ರೆ ನಮ್ಮ ಇಂಜಿನಿಯರ್ ಮಿತ್ರರೇ “ಡ್ರೈವಿಂಗ್ ಬರದವರಿಗೆ ಲೈಸೆನ್ಸ್ ಕೊಟ್ಟರೆ ಇನ್ನೇನಾಗುತ್ತೆ” ಅಂತ ನಗ್ತಾರೆ.

ಈಗ ಟೊಯೋಟಾಗೆ ಬರೋಣ. ಇದು ಸ್ವಲ್ಪ ಉದ್ದದ ಕಥೆ.

2009ರ ಆಗಸ್ಟ್ 28. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ತಿರ ಸ್ಯಾಂಟೀ ಅನ್ನೋ ಊರು. ಹೈವೇ ಪೆಟ್ರೋಲ್‌ನ ಪೊಲೀಸ್ ಅಧಿಕಾರಿಯೊಬ್ಬರು ರಜೆಯಲ್ಲಿ ಹೆಂಡತಿ, ಮಗಳು, ಭಾವಮೈದುನನ ಜೊತೆ ಹೋಗ್ತಿದ್ದರು. ಸ್ವಂತ ಕಾರು ಸರ್ವಿಸಿಗೆ ಬಿಟ್ಟಿದ್ದರಿಂದ ಡೀಲರ್ ಕೊಟ್ಟ ಲೆಕ್ಸಸ್ ಇಎಸ್ 350 ಅದು. ಕಾರು ಹುಚ್ಚೆದ್ದು ಓಡಿತು. ಭಾವಮೈದುನ ತುರ್ತು ನಂಬರಿಗೆ ಫೋನ್ ಮಾಡಿ, ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡಿದೆ, ಬ್ರೇಕ್ ಹಿಡೀತಿಲ್ಲ ಅಂತ ಹೇಳ್ತಿರುವಾಗಲೇ ನಾಲ್ವರೂ ಸತ್ತರು. ಹೈವೇ ಮೇಲೆ ಕಾರು ಓಡಿಸೋದೇ ವೃತ್ತಿಯಾಗಿದ್ದ ಪೊಲೀಸ್. ‘ಡ್ರೈವಿಂಗ್ ಬರದವರು’ ಅನ್ನೋ ಮಾತು ಇಲ್ಲಿ ಹೊಂದುತ್ತಾ?

ಕಾರಣ ಸಾಫ್ಟ್‌ವೇರ್ ಅಲ್ಲ. ನೆಲಕ್ಕೆ ಹಾಸೋ ರಬ್ಬರ್ ಮ್ಯಾಟ್! ಬೇರೆ ಮಾಡೆಲ್‌ನ ಮ್ಯಾಟ್ ತಂದು ಹಾಕಿದ್ದರು, ಪೆಡಲ್ ಅದಕ್ಕೆ ಸಿಕ್ಕಿಕೊಂಡಿತ್ತು. ಅದೇ ಕಾರನ್ನು ಕೆಲವೇ ದಿನ ಮುಂಚೆ ತಗೊಂಡು ಹೋಗಿದ್ದ ಇನ್ನೊಬ್ಬ ಗಿರಾಕಿ ಇದೇ ತೊಂದರೆಯನ್ನು ಡೀಲರ್ ಹತ್ತಿರ ಹೇಳಿಯೂ ಇದ್ದ. ಗಾದೆಯ ಮಾತು ಅಕ್ಷರಶಃ ನಿಜವಾಯ್ತು ನೋಡಿ, ನೆಲವೇ ಡೊಂಕಾಗಿತ್ತು.

“ಮ್ಯಾಟ್ ಸಿಕ್ಕಿದ್ರೇನು, ಬ್ರೇಕ್ ಹಾಕಬಹುದಿತ್ತಲ್ಲ, 16 ಅಡಿ ತಾನೆ ವ್ಯತ್ಯಾಸ?” ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಬ್ರೇಕ್ ಬೂಸ್ಟರ್ ಕೆಲಸ ಮಾಡೋದು ಇಂಜಿನ್ ಎಳೆಯೋ ನಿರ್ವಾತದ ಬಲದಿಂದ. ಥ್ರಾಟಲ್ ಪೂರ್ತಿ ತೆರೆದಿದ್ದಾಗ ಆ ನಿರ್ವಾತ ಹುಟ್ಟೋದೇ ಇಲ್ಲ. ಉಗ್ರಾಣದಲ್ಲಿ ಉಳಿದಿರೋದು ಒಂದೆರಡು ಸಲ ಒತ್ತುವಷ್ಟು ಮಾತ್ರ. ಗಾಬರಿಯಲ್ಲಿ ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ಅದೂ ಖಾಲಿ. ಎನ್‌ಎಚ್‌ಟಿಎಸ್‌ಎ ಪರೀಕ್ಷೆಯಲ್ಲಿ ಮಾಮೂಲಿಯಾಗಿ 30 ಪೌಂಡ್ ಬಲ ಸಾಕಾಗಿದ್ದ ಕಡೆ ಆಮೇಲೆ 150 ಪೌಂಡ್ ಬೇಕಾಯ್ತು. ಹತ್ತಿರ ಹತ್ತಿರ 70 ಕೆ.ಜಿ. ಭಾರ ಒಂದೇ ಕಾಲಲ್ಲಿ. ಇಂಜಿನ್ ಆಫ್ ಮಾಡೋಣ ಅಂದ್ರೆ ಅದು ಬಟನ್ ಸ್ಟಾರ್ಟ್ ಕಾರು. ಓಡ್ತಿರುವಾಗ ಆಫ್ ಆಗಬೇಕಾದ್ರೆ ಬಟನ್ನನ್ನು ಮೂರು ಸೆಕೆಂಡ್ ಒತ್ತಿ ಹಿಡಿದಿರಬೇಕು. ನಮ್ಮ ಲ್ಯಾಪ್‌ಟಾಪಿನ ಥರ. ಡೀಲರ್ ಕೊಟ್ಟ ಪರಾಯಿ ಕಾರಿನಲ್ಲಿ, ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ, ಇದನ್ನು ಯಾರು ಊಹಿಸ್ತಾರೆ?

ಇದಕ್ಕೆ ಬೇಕಾಗಿದ್ದ ರಿಪೇರಿ ಏನು ಗೊತ್ತಾ? ಬ್ರೇಕೂ ಆಕ್ಸಿಲರೇಟರೂ ಎರಡೂ ಒಟ್ಟಿಗೆ ಒತ್ತಿದ್ದರೆ ಬ್ರೇಕಿನ ಮಾತನ್ನೇ ಕೇಳು. ಬ್ರೇಕ್ ಓವರ್‌ರೈಡ್ ಅಂತಾರೆ. ಥ್ರಾಟಲ್ ಹೇಗಿದ್ರೂ ಕಂಪ್ಯೂಟರ್ ಕೈಯಲ್ಲೇ ಇದ್ದ ಕಾರಿನಲ್ಲಿ ಇದು ಕೆಲವೇ ಸಾಲಿನ ಕೋಡು. ಬಿಎಂಡಬ್ಲ್ಯೂ, ಮರ್ಸಿಡಿಸ್‌ಗಳಂಥ ಜರ್ಮನ್ ಕಾರುಗಳಲ್ಲಿ ಆಗಲೇ ಇತ್ತು. ಟೊಯೋಟಾಗೆ ಮ್ಯಾಟ್ ಸಮಸ್ಯೆ 2007ರಲ್ಲೇ ಗೊತ್ತಿತ್ತು, ಇದೇ ಮಾಡೆಲ್‌ನ ಮ್ಯಾಟುಗಳನ್ನು ಆಗಲೇ ವಾಪಸ್ ಕರೆಸಿತ್ತು. ಆದರೆ ಆ ನಾಲ್ಕು ಸಾಲು ಬರೆಯೋಕೆ ನಾಲ್ಕು ಹೆಣ ಬೀಳಬೇಕಾಯ್ತು. ಆಮೇಲೆ ಮ್ಯಾಟಿಗೂ, ಒತ್ತಿದ ಮೇಲೆ ಮೇಲೇಳದೆ ಅಂಟಿಕೊಳ್ತಿದ್ದ ಪೆಡಲಿಗೂ ಸೇರಿ ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿದರು. ಈ ಎರಡರ ಬಗ್ಗೆ ಜನರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕಾಗಿ 2014ರ ಮಾರ್ಚ್‌ನಲ್ಲಿ ಕಂಪನಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು.

ಇಷ್ಟಾದ ಮೇಲೂ ‘ಎಲೆಕ್ಟ್ರಾನಿಕ್ಸ್ ಕಾರಣ ಹೌದೋ ಅಲ್ವೋ’ ಅನ್ನೋ ಪ್ರಶ್ನೆ ಉಳಿದಿತ್ತು. ನಾಸಾದವರನ್ನು ಕರೆಸಿದರು. ರಾಕೆಟ್ ಬಿಡೋರಿಗೆ ಕಾರು ಯಾವ ಲೆಕ್ಕ! ಹತ್ತು ತಿಂಗಳು ನೋಡಿ, 2,80,000 ಸಾಲು ಕೋಡ್ ಓದಿ, 2011ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ದೊಡ್ಡ ಮಟ್ಟದಲ್ಲಿ ಥ್ರಾಟಲ್ ತೆರೆಯುವಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ. ಸಾರಿಗೆ ಸಚಿವ ರೇ ಲಾಹುಡ್ ತೀರ್ಪು ಬಂದಾಯ್ತು ಅಂತ ಘೋಷಿಸಿದರು. ಆದರೆ ನಾಸಾದವರು ಪಾಪ ಪ್ರಾಮಾಣಿಕರು, ಪುರಾವೆ ಸಿಗಲಿಲ್ಲ ಅಂದ ಮಾತ್ರಕ್ಕೆ ಹಾಗೆ ಆಗಲು ಸಾಧ್ಯವೇ ಇಲ್ಲ ಅಂತ ಅರ್ಥವಲ್ಲ ಅಂತ ವರದಿಯಲ್ಲೇ ಬರೆದಿದ್ದರು. ಪೆಡಲ್ ಸೆನ್ಸರುಗಳಲ್ಲಿ ತವರದಿಂದ ಕೂದಲಿನಂಥ ಎಳೆಗಳು ಬೆಳೆದು ಶಾರ್ಟ್ ಆಗೋದನ್ನೂ ಅವರು ಕಂಡಿದ್ದರು. ಸಚಿವರ ಮೈಕಿನವರೆಗೆ ಆ ಸಾಲುಗಳು ತಲುಪಲಿಲ್ಲ.

2013ರ ಅಕ್ಟೋಬರ್‌ನಲ್ಲಿ ಒಕ್ಲಹೋಮಾದ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ನಡೆಯಿತು. 2005ರ ಮಾಡೆಲ್‌ನ ಕ್ಯಾಮ್ರಿ, 2007ರಲ್ಲಿ ಆದ ಅಪಘಾತ, ಪಕ್ಕದಲ್ಲಿ ಕೂತಿದ್ದ ಗೆಳತಿ ಸತ್ತು ಓಡಿಸ್ತಿದ್ದ ಹೆಂಗಸಿಗೆ ತೀವ್ರ ಗಾಯ. ರಸ್ತೆ ಮೇಲೆ ಸುಮಾರು 150 ಅಡಿ ಉದ್ದಕ್ಕೆ ಟೈರು ಉಜ್ಜಿದ ಗುರುತು ಬಿದ್ದಿತ್ತು. ಅಂದ್ರೆ ಈ ಸಲ ಯಾರೋ ಕಾರು ನಿಲ್ಲಿಸೋಕೆ ಜೀವ ಬಿಟ್ಟುಕೊಂಡು ಪ್ರಯತ್ನಿಸಿದ್ದರು. ಮೈಕೇಲ್ ಬಾರ್ ಅನ್ನೋ ಎಂಬೆಡೆಡ್ ಸಾಫ್ಟ್‌ವೇರ್ ತಜ್ಞ ಸಾಕ್ಷಿ ಹೇಳಿದರು. ಕಾವಲಿದ್ದ, ಇಂಟರ್ನೆಟ್ ಇಲ್ಲದ ಕೋಣೆಯಲ್ಲಿ ಕೂತು ತಿಂಗಳುಗಟ್ಟಲೆ ಟೊಯೋಟಾದ ಕೋಡ್ ಓದಿ ಸುಮಾರು 800 ಪುಟ ಬರೆದಿದ್ದವರು. ಅವರು ಹೇಳಿದ್ದನ್ನು ಓದಿದಾಗ ನನಗೆ ಬೆವರು ಬಂತು. ಹತ್ತು ಸಾವಿರಕ್ಕೂ ಹೆಚ್ಚು ಗ್ಲೋಬಲ್ ವೇರಿಯಬಲ್‌ಗಳು. ಥ್ರಾಟಲ್ ಕೋನ ಲೆಕ್ಕ ಹಾಕೋ ಫಂಕ್ಷನ್ ಎಷ್ಟು ಕಗ್ಗಂಟು ಅಂದ್ರೆ ಪೂರ್ತಿ ಟೆಸ್ಟ್ ಮಾಡೋಕೇ ಆಗಲ್ಲ. ಸ್ಟ್ಯಾಕ್ ಬಳಕೆ 41 ಶೇಕಡಾ ಅಂತ ಕಂಪನಿಯ ಲೆಕ್ಕ, ಬಾರ್ ಅಳೆದಾಗ 94. ಮೆಮೊರಿಯಲ್ಲಿ ಒಂದು ಬಿಟ್ ಅದಲುಬದಲಾದರೆ ತಿದ್ದಿಕೊಳ್ಳೋ ವ್ಯವಸ್ಥೆ ಇದೆ ಅಂತ ನಾಸಾ ನಂಬಿತ್ತು, ಆ ಕಾರಿನಲ್ಲಿ ಅದು ಇರಲೇ ಇಲ್ಲ ಅಂದರು ಬಾರ್.

ವಾಚ್‌ಡಾಗ್ ಕಥೆಯನ್ನಂತೂ ಹೇಳಲೇಬೇಕು. ವಾಚ್‌ಡಾಗ್ ಅಂದ್ರೆ ಕಂಪ್ಯೂಟರಿನ ಕಾವಲುನಾಯಿ. ಒಳಗಿನ ಪ್ರೋಗ್ರಾಮು ಬದುಕಿದೆ ಅಂತ ತೋರಿಸೋಕೆ ಆಗಾಗ ಅದಕ್ಕೆ ಬಿಸ್ಕತ್ತು ಹಾಕ್ತಿರಬೇಕು. ಬಿಸ್ಕತ್ತು ನಿಂತರೆ ಮನೆಯೊಳಗೆ ಏನೋ ಎಡವಟ್ಟಾಗಿದೆ ಅಂತ ನಾಯಿ ಬೊಗಳಿ ಇಡೀ ಕಂಪ್ಯೂಟರನ್ನು ರೀಸೆಟ್ ಮಾಡುತ್ತೆ. ಆ ಕಾರಿನಲ್ಲಿ ಬಿಸ್ಕತ್ತು ಹಾಕ್ತಿದ್ದದ್ದು ಮನೆಯವರಲ್ಲ, ಟೈಮಿಗೆ ಸರಿಯಾಗಿ ಗೇಟಿಗೆ ಬರೋ ಹಾಲಿನವನು, ಅಂದರೆ ಟೈಮರ್ ಇಂಟರಪ್ಟ್. ಒಳಗೆ ಯಜಮಾನ ಸತ್ತು ಬಿದ್ದಿದ್ರೂ ಬಿಸ್ಕತ್ತು ಬರ್ತಾನೇ ಇರುತ್ತೆ, ನಾಯಿ ಬಾಲ ಅಲ್ಲಾಡಿಸಿಕೊಂಡು ಕೂತಿರುತ್ತೆ. ಎಂಬೆಡೆಡ್ ಪಾಠದ ಮೊದಲ ವರ್ಷದಲ್ಲೇ ಹೀಗೆ ಮಾಡಬಾರದು ಅಂತ ಹೇಳಿಕೊಡ್ತಾರೆ.

ಜ್ಯೂರಿ ಟೊಯೋಟಾ ತಪ್ಪಿತಸ್ಥ ಅಂತ ಹೇಳಿ 30 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ದಂಡದ ರೂಪದ ಪರಿಹಾರ ಎಷ್ಟು ಅಂತ ತೀರ್ಮಾನ ಆಗೋ ಮುಂಚೆಯೇ ಕಂಪನಿ ರಾಜಿ ಮಾಡಿಕೊಂಡಿತು.

ಕೋಡ್ ಪಾರ್ಟಿಗೆ ಇದೇ ಪುರಾಣ ಗ್ರಂಥ. ಆದರೆ ಅಲ್ಲೂ ನಾನು ಅವರ ಜೊತೆ ಪೂರ್ತಿ ಹೋಗಲ್ಲ. ಬಿಟ್ ಬದಲಾದರೆ ಏನಾಗುತ್ತೆ ಅಂತ ಬೇಕೆಂತಲೇ ಬದಲಿಸಿ ತೋರಿಸಿದರು. ಆ ದಿನ ಆ ಕಾರಿನಲ್ಲಿ ಬದಲಾಗಿತ್ತು ಅಂತ ಯಾರೂ ತೋರಿಸಲಿಲ್ಲ, ತೋರಿಸೋಕೆ ಆಗೋದೂ ಇಲ್ಲ. ಯಾಕಂದ್ರೆ ಆ ಥರ ಸತ್ತ ಪ್ರೋಗ್ರಾಮು ಯಾವ ಗುರುತನ್ನೂ ಬಿಡಲ್ಲ. ಕಾರು ಆಫ್ ಮಾಡಿ ಆನ್ ಮಾಡಿದ್ರೆ ಎಲ್ಲಾ ಹೊಸದು.

ನನ್ನ ತಕರಾರು ಇರೋದು ಇಲ್ಲೇ. ಗುರುತು ಸಿಗಲಿಲ್ಲ, ಆದ್ದರಿಂದ ಡ್ರೈವರ್ ತಪ್ಪು ಅಂತಾರೆ. ಗುರುತು ಉಳಿಯದ ಹಾಗೆ ಕಟ್ಟಿದವರು ಯಾರು ಸ್ವಾಮಿ?

“ಬ್ಲ್ಯಾಕ್ ಬಾಕ್ಸ್ ಇದೆಯಲ್ಲ” ಅಂತೀರಿ. ಇದೆ. ಅಮೆರಿಕದಲ್ಲಿ 2010ರಲ್ಲಿ ಅಪಘಾತವಾದ 58 ಟೊಯೋಟಾ ಕಾರುಗಳ ಬ್ಲ್ಯಾಕ್ ಬಾಕ್ಸ್ ತೆಗೆದು ನೋಡಿದಾಗ 35ರಲ್ಲಿ ಬ್ರೇಕ್ ಒತ್ತಿದ ದಾಖಲೆಯೇ ಇರಲಿಲ್ಲ. ಬಹುಪಾಲು ಕಾಲಿನ ತಪ್ಪು ಅಂತ ನಾನು ಒಪ್ಪೋದಕ್ಕೆ ಅದೂ ಒಂದು ಕಾರಣ. ಆದರೆ ಬ್ರೇಕ್ ಒತ್ತಿದೆಯಾ, ಪೆಡಲ್ ಎಷ್ಟು ಇಳಿದಿದೆ ಅಂತ ಆ ಬಾಕ್ಸಿಗೆ ಹೇಳೋದು ಯಾರು? ಯಾವ ಕಂಪ್ಯೂಟರಿನ ಮೇಲೆ ಅನುಮಾನವೋ ಅದೇ ಕಂಪ್ಯೂಟರ್. ಕಳ್ಳನ ಕೈಗೇ ಬೀಗದ ಕೈ. ಅದನ್ನು ಓದೋ ಸಾಧನವಾದರೂ ಎಲ್ಲರ ಹತ್ತಿರ ಇತ್ತಾ? 2010ರ ಆರಂಭದಲ್ಲಿ ಇಡೀ ಅಮೆರಿಕಕ್ಕೆ ಟೊಯೋಟಾದ ಹತ್ತಿರ ಇದ್ದದ್ದು ಒಂದೇ ಒಂದು ಲ್ಯಾಪ್‌ಟಾಪ್!

ಇದೆಲ್ಲ ಬರೀ ವಾದದ ಚಪಲ ಅಲ್ಲ. ಮಿನೆಸೋಟಾದ ಸೇಂಟ್ ಪಾಲ್ ನಗರದಲ್ಲಿ 2006ರಲ್ಲಿ ಹ್ಮಾಂಗ್ ಜನಾಂಗದ ಒಬ್ಬ ವಲಸಿಗ ಮನೆಮಂದಿಯನ್ನು ಕೂರಿಸಿಕೊಂಡು ಬರ್ತಿದ್ದ. 1996ರ ಕ್ಯಾಮ್ರಿ. ಹೈವೇಯಿಂದ ಇಳಿಯೋ ದಾರಿಯಲ್ಲಿ ಕಾರು ನಿಲ್ಲದೆ ಇನ್ನೊಂದು ಕಾರಿಗೆ ಗುದ್ದಿ ಮೂವರ ಸಾವಿಗೆ ಕಾರಣವಾಯ್ತು. ಬ್ರೇಕ್ ಒತ್ತಿದ್ದೆ ಅಂತ ಅವನು ಬಡಕೊಂಡ. ಅವನ ಸ್ವಂತ ವಕೀಲರೇ ನಂಬಲಿಲ್ಲ, ಕಾಲು ತಪ್ಪಿ ಆಕ್ಸಿಲರೇಟರ್ ಒತ್ತಿರಬಹುದು ಅಂತ ಕೋರ್ಟಿನಲ್ಲಿ ಹೇಳಿಬಿಟ್ಟರು. 8 ವರ್ಷ ಜೈಲು. ಟೊಯೋಟಾ ಸುದ್ದಿ ದೊಡ್ಡದಾದ ಮೇಲೆ ಅದೇ ಮಾಡೆಲ್‌ನ ಬೇರೆ ಮಾಲೀಕರೂ ತಮಗೂ ಹೀಗೆ ಆಗಿತ್ತು ಅಂತ ಮುಂದೆ ಬಂದರು. 2010ರ ಆಗಸ್ಟ್‌ನಲ್ಲಿ ಬಿಡುಗಡೆ. 2015ರಲ್ಲಿ ಇನ್ನೊಂದು ಜ್ಯೂರಿ ಹೇಳಿದ್ದು: 60 ಭಾಗ ಟೊಯೋಟಾ ಹೊಣೆ, 40 ಭಾಗ ಅವನ ಹೊಣೆ. ಅದು ಕೇಬಲ್ ಥ್ರಾಟಲ್‌ನ ಹಳೆ ಕಾರು, ಕೋಡಿಗೂ ಅದಕ್ಕೂ ಸಂಬಂಧವೇ ಇಲ್ಲ. ನಿಜ ಏನು ಅಂತ ಅವನಿಗೂ ಗೊತ್ತಿಲ್ಲ, ಜ್ಯೂರಿಗೂ ಗೊತ್ತಿಲ್ಲ. ಜೈಲಿನಲ್ಲಿ ಕಳೆದ ವರ್ಷಗಳು ಮಾತ್ರ ನಿಜ.

ಹಾಗಂತ ಕಾರಿನ ಮೇಲೆ ಗೂಬೆ ಕೂರಿಸೋರೆಲ್ಲ ಅಮಾಯಕರೂ ಅಲ್ಲ. 2019ರಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ 87 ವರ್ಷದ ನಿವೃತ್ತ ಅಧಿಕಾರಿಯೊಬ್ಬ ಪ್ರಿಯಸ್ ನುಗ್ಗಿಸಿ ತಾಯಿಯನ್ನೂ 3 ವರ್ಷದ ಮಗಳನ್ನೂ ಕೊಂದ. ಕಾರೇ ಕೆಟ್ಟಿತ್ತು ಅಂತ ವಾದಿಸಿದ. ಕೋರ್ಟ್ ಒಪ್ಪದೆ 2021ರಲ್ಲಿ 5 ವರ್ಷ ಶಿಕ್ಷೆ ಕೊಟ್ಟಿತು. 2024ರ ಜುಲೈ 1ರಂದು ಸೋಲ್‌ನಲ್ಲಿ ನಗರಸಭೆ ಕಟ್ಟಡದ ಹತ್ತಿರ 9 ಜನರನ್ನು ಕೊಂದ 68 ವರ್ಷದ ಚಾಲಕನದೂ ಇದೇ ವಾದ, ಅವನ ಬೂಟಿನ ಅಡಿಯಲ್ಲಿ ಆಕ್ಸಿಲರೇಟರ್ ಪೆಡಲಿನ ಅಚ್ಚು ಮೂಡಿತ್ತು. ಬೂಟು ಸುಳ್ಳು ಹೇಳಲ್ಲ. ಜಪಾನ್ ಇದನ್ನೆಲ್ಲ ನೋಡಿ ‘ಮುದುಕರು ಹುಷಾರಾಗಿ ಓಡಿಸಿ’ ಅಂತ ಬೋರ್ಡ್ ಹಾಕಿ ಸುಮ್ಮನಾಗಲಿಲ್ಲ. ಮುಂದೆ ಗೋಡೆಯೋ ಇನ್ನೊಂದು ಕಾರೋ ಇದ್ದು ಆಕ್ಸಿಲರೇಟರನ್ನು ಹಠಾತ್ತನೆ ತುಳಿದರೆ ಕಾರೇ ಆ ಮಾತು ಕೇಳಬಾರದು ಅನ್ನೋ ವ್ಯವಸ್ಥೆಯನ್ನು 2028ರ ಸೆಪ್ಟೆಂಬರ್‌ನಿಂದ ಹೊಸ ಆಟೋಮ್ಯಾಟಿಕ್ ಕಾರುಗಳಿಗೆ ಕಡ್ಡಾಯ ಮಾಡಲು ಹೊರಟಿದೆ. ಮತ್ತೆ ಅದೇ. ಕಾಲು ತಪ್ಪಿದ್ದಕ್ಕೆ ಕಾರಿಗೆ ಔಷಧ.

ನಮ್ಮಲ್ಲಿ ಇಷ್ಟು ದಿನ ಈ ಗಲಾಟೆ ಕಡಿಮೆ ಇದ್ದದ್ದಕ್ಕೆ ನನ್ನ ಲೆಕ್ಕದಲ್ಲಿ ಕಾರಣ ಕ್ಲಚ್. ಎಡಗಾಲು ಒತ್ತಿದರೆ ಸಾಕು, ಇಂಜಿನ್ ಎಷ್ಟು ಕಿರುಚಿದರೂ ಚಕ್ರಕ್ಕೆ ಬಲ ಹೋಗಲ್ಲ. ಈಗ ಬೆಂಗಳೂರಿನ ಟ್ರಾಫಿಕ್ಕಿಗೆ ಬೇಸತ್ತು ಎಲ್ಲರೂ ಆಟೋಮ್ಯಾಟಿಕ್, ಎಲೆಕ್ಟ್ರಿಕ್ ಅಂತ ಹೊರಟಿದ್ದಾರೆ. ಒಂದೇ ಪೆಡಲಿನಲ್ಲಿ ಓಡಿಸೋ ಎಲೆಕ್ಟ್ರಿಕ್ ಕಾರಿನಲ್ಲಂತೂ ಬ್ರೇಕಿನ ಕಡೆ ಕಾಲು ಹೋಗೋದೇ ಅಪರೂಪ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಕ್ಕಳು ಕ್ರಿಕೆಟ್ ಆಡ್ತಿರ್ತಾರೆ. ಏನಾದರೂ ಆದ್ರೆ ಪೊಲೀಸರ ಹತ್ತಿರ ರೆಡಿ ಇರೋದು ಒಂದೇ ಕಲಂ. ಮೊದಲು ಐಪಿಸಿ 304ಎ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 106. ಎರಡರಲ್ಲೂ ನೋಡೋದು ಓಡಿಸಿದವನ ನಿರ್ಲಕ್ಷ್ಯವನ್ನು.

ಎಲೆಕ್ಟ್ರಿಕ್ ಅಂದಾಗ ನೆನಪಾಯ್ತು. ಎಲ್ಲಕ್ಕೂ ಸಾಫ್ಟ್‌ವೇರ್ ಅನ್ನೋ ಟೆಸ್ಲಾ ಕಂಪನಿ 2024ರ ಏಪ್ರಿಲ್‌ನಲ್ಲಿ ತನ್ನ 3,878 ಸೈಬರ್‌ಟ್ರಕ್‌ಗಳನ್ನು ವಾಪಸ್ ಕರೆಸಿತು. ಆಕ್ಸಿಲರೇಟರ್ ಪೆಡಲಿನ ಮೇಲಿನ ಹೊದಿಕೆ ಜಾರಿ ಸಿಕ್ಕಿಹಾಕಿಕೊಳ್ತಿತ್ತು. ಕಾರಣ? ಪೆಡಲ್ ಜೋಡಿಸುವಾಗ ಸಲೀಸಾಗಿ ಕೂರಲಿ ಅಂತ ಸೋಪು ಹಚ್ಚಿದ್ದರು! ಕಾಲು ಪಾರ್ಟಿ, ಕೋಡ್ ಪಾರ್ಟಿ ಎರಡಕ್ಕೂ ಈ ಸೋಪು ಅರ್ಪಣೆ :)

ನಮ್ಮ ಬೆಂಗಳೂರಿನಲ್ಲೇ ಸಾವಿರಾರು ಮಂದಿ ಕಾರಿನ ಕಂಪ್ಯೂಟರುಗಳಿಗೆ ಕೋಡ್ ಬರೀತಾರೆ. ಅವರಲ್ಲೊಬ್ಬ ನನ್ನ ಕಾಲೇಜಿನ ಗೆಳೆಯ. “ನಿಮ್ಮಲ್ಲಿ ಕೋಡ್ ನಿಯಮ ಮುರಿದ ವಾರ್ನಿಂಗ್ ಬಂದ್ರೆ ಏನು ಮಾಡ್ತೀರೋ?” ಅಂತ ಕೇಳಿದೆ. “ಮಗಾ, ರಿಲೀಸ್ ಡೇಟ್ ಹತ್ರ ಬಂದ್ಮೇಲೆ ಎಲ್ಲಾ ವಾರ್ನಿಂಗೂ ಡೀವಿಯೇಷನ್ ಫಾರಂ ಆಗುತ್ತೆ” ಅಂದ. ಕೊರಿಯಾದಲ್ಲಿ ಜನ ಈಗ ಡ್ಯಾಶ್‌ಕ್ಯಾಮ್ ತಂದು ಸ್ಟಿಯರಿಂಗ್ ಕೆಳಗೆ, ಪೆಡಲುಗಳ ಕಡೆ ಮುಖ ಮಾಡಿ ಸಿಕ್ಕಿಸಿಕೊಳ್ತಿರೋ ಸುದ್ದಿ ಹೇಳಿದೆ. ನಾಳೆ ಏನಾದ್ರೂ ಆದ್ರೆ ತಮ್ಮ ಕಾಲು ಎಲ್ಲಿತ್ತು ಅಂತ ತೋರಿಸೋಕೆ. ಸ್ವಂತ ದುಡ್ಡು ಕೊಟ್ಟು ಕೊಂಡ ಕಾರಿನ ಎದುರು ಸಾಕ್ಷಿ ಹೇಳೋಕೆ ಸ್ವಂತ ಕ್ಯಾಮೆರಾ! ನಿಮ್ಮ ಕಂಪ್ಯೂಟರ್ ಮೂಲಕ ಹಾಯದೆ, ಪೆಡಲ್ ಸೆನ್ಸರಿನಿಂದ, ಬ್ರೇಕ್ ಆಯಿಲ್‌ನ ಒತ್ತಡದಿಂದ ನೇರವಾಗಿ ಬರೆದುಕೊಳ್ಳೋ, ಯಾರು ಬೇಕಾದ್ರೂ ಓದಬಹುದಾದ ಒಂದು ಪುಟ್ಟ ಚಿಪ್ ಇಟ್ಟರೆ ಆಗಲ್ವಾ, ಎಷ್ಟು ಕಷ್ಟ ಅಂತ ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: “ಕಷ್ಟ ಏನಿಲ್ಲ ಮಗಾ. ರಿಕ್ವೈರ್‌ಮೆಂಟ್‌ನಲ್ಲಿ ಇಲ್ಲ.”